ಬೆಳಗಿನ ವಾಕ್ಯ, ಸಂಜೆಯ ಗೇಟು

ಠಾಣೆಯ ನೌಪಾಡಾದ ನಮ್ಮ ಕಟ್ಟಡದಲ್ಲಿ ಬೆಳಗ್ಗೆ ಆರಕ್ಕೆ ನೀರು ಬಿಡುತ್ತಾರೆ. ಹಾಲಿನವನ ಬೆಲ್ಲು, ಕುಕ್ಕರಿನ ಸೀಟಿಯ ನಡುವೆ ವಾಟ್ಸಾಪಿಗೆ ಅಂದಿನ ಬೈಬಲ್ ವಾಕ್ಯವೂ ಬಂದು ಬೀಳುತ್ತದೆ: ಹೂವಿನ ಚಿತ್ರ, ಕೆಳಗೆ ಎರಡು ಸಾಲು. ಅದನ್ನು ಊರಿನ ಮೂರು ಗುಂಪುಗಳಿಗೆ ದಾಟಿಸಿ ಗೋಖಲೆ ರೋಡಿನಲ್ಲಿ ಸ್ಟೇಷನ್ನಿನತ್ತ ಓಡುತ್ತೇನೆ. ಲೋಕಲ್ ಮುಲುಂಡ್ ಮುಟ್ಟುವಷ್ಟರಲ್ಲಿ ವಾಕ್ಯ ಮರೆತಿರುತ್ತದೆ.

ಹೋದ ವಾರ ಬಂದದ್ದು ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯದ್ದು. ಕೇಳಲು ಅವಸರವಿರಲಿ, ಮಾತಿಗೂ ಸಿಟ್ಟಿಗೂ ಅವಸರ ಬೇಡ ಎಂಬ ಬುದ್ಧಿಮಾತು. ಅದೇ ಸಂಜೆ ಗೇಟಿನಲ್ಲಿ ನನ್ನ ಪಾರ್ಸೆಲ್ ಕಾಣಲಿಲ್ಲ. ವಾಚ್‌ಮನ್ ಬಾಯಿ ತೆರೆಯುವ ಮೊದಲೇ ರೇಗಿಬಿಟ್ಟೆ. ಮಳೆನೀರು ಗೇಟಿನೊಳಗೆ ನುಗ್ಗಿತ್ತೆಂದು ಆತ ಅದನ್ನು ಮೀಟರ್ ಪೆಟ್ಟಿಗೆಯ ಮೇಲೆ, ತನ್ನದೇ ಟವೆಲ್ ಸುತ್ತಿ ಇಟ್ಟಿದ್ದ. ಲಿಫ್ಟಿನಲ್ಲಿ ಬೆಳಗಿನ ವಾಕ್ಯ ನೆನಪಾಯಿತು. ಕನ್ನಡಿ ನೋಡಿ ತನ್ನ ಮುಖವನ್ನೇ ಮರೆತು ಹೋಗುವವನ ಮಾತು ಬರುವುದೂ ಅದೇ ಅಧ್ಯಾಯದಲ್ಲಿ. ತಿರುಗಿ ಕೆಳಗಿಳಿದೆ. "ಮಾಫ್ ಕರಾ, ದಾದಾ" ಅಂದೆ. ಆತ ಟವೆಲ್ ಹಿಂಡುತ್ತಿದ್ದ.

ದೇವರ ವಾಕ್ಯ ಕೈಗೆ ಸಿಕ್ಕರೆ ಸಾಲದು, ಎದೆಗಿಳಿಯಲು ಹೊತ್ತು ಬೇಕು. ಪಂಡಿತಾ ರಮಾಬಾಯಿಗೇ ಬೇಕಾಯಿತು. 1858ರಲ್ಲಿ ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು, ಪುರಾಣಗಳನ್ನು ಬಾಯಿಪಾಠ ಮಾಡಿದ್ದವರು. ಗಂಡನ ಪುಸ್ತಕಗಳ ನಡುವೆ ಬಂಗಾಳಿ ಲೂಕನ ಸುವಾರ್ತೆ ಅವರ ಕೈಗೆ ಬಂತು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನವೂ ಆಯಿತು. ಆದರೂ ತನಗೆ ಸಿಕ್ಕಿದ್ದು ಕ್ರೈಸ್ತಧರ್ಮ, ಕ್ರಿಸ್ತನಲ್ಲ ಎಂಬುದು ಅರಿವಾದದ್ದು ವರ್ಷಗಳ ನಂತರ ಎಂದು ಅವರೇ ಬರೆದುಕೊಂಡಿದ್ದಾರೆ. ಆಮೇಲೆ ಕೇಡಗಾಂವದ ಮುಕ್ತಿ ಆಶ್ರಮದಲ್ಲಿ ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸಿಗೂ ತಿಳಿಯುವ ಮರಾಠಿಗೆ ಇಡೀ ಬೈಬಲನ್ನು ತಂದರು. ಆಶ್ರಮದ ಹೆಣ್ಣುಮಕ್ಕಳೇ ಅಚ್ಚುಮೊಳೆ ಜೋಡಿಸಿದರು. 1922ರ ಏಪ್ರಿಲ್ 5ರಂದು ತೀರಿಕೊಳ್ಳುವ ತನಕ ಅವರು ಅದೇ ಕೆಲಸದಲ್ಲಿದ್ದರು.

ನಮ್ಮ ಸೀಮೆಯ ಹೆಣ್ಣುಮಗಳು ಮರಾಠಿ ಅಡುಗೆಮನೆಗಳಿಗಾಗಿ ಅಷ್ಟು ಬೆವರು ಸುರಿಸಿದರೆ, ನನ್ನ ಮನೆಯಲ್ಲಿ ಅಮ್ಮನ ಕನ್ನಡ ಸತ್ಯವೇದ ಷೋಕೇಸಿನಲ್ಲಿ ಕೂತಿತ್ತು. ಈಗ ಅಡುಗೆಮನೆಯ ಕಟ್ಟೆಗೆ ಬಂದಿದೆ. ಬೆಳಗ್ಗೆ ಗ್ಯಾಸ್ ಹಚ್ಚುವ ಮುಂಚೆ ಐದಾರು ವಚನ, ಗಟ್ಟಿಯಾಗಿ. ತಿಳಿಯದಿದ್ದರೆ ಮರುದಿನವೂ ಅವೇ. ಕಣ್ಣು ಸಾಲು ಹಾರಿಸಬಲ್ಲದು, ಬಾಯಿಗೆ ಅದು ಆಗದು. ಕನ್ನಡ ಅಕ್ಷರ ಬಾರದ ಮಗಳು ಟಿಫಿನ್ ಡಬ್ಬಿ ಮುಚ್ಚುತ್ತ ಕೇಳಿಸಿಕೊಳ್ಳುತ್ತಾಳೆ. ಲೂಕನ ಹತ್ತನೆಯ ಅಧ್ಯಾಯದಲ್ಲಿ, ತಂಗಿ ಯೇಸುವಿನ ಮಾತು ಕೇಳುತ್ತ ಕೂತು ಅಕ್ಕ ಮನೆಗೆಲಸದಲ್ಲಿ ಮುಳುಗಿರುವಲ್ಲಿ, ಮೊನ್ನೆ ನಿಲ್ಲಿಸಿದಳು: "ಮಾರ್ಥಾ ಒಬ್ಬಳೇ ಯಾಕೆ ಕೆಲಸ ಮಾಡಬೇಕು, ಮಮ್ಮಿ?"

ಉತ್ತರ ಹೊಳೆಯಲಿಲ್ಲ. ಮೂರು ದಿನದಿಂದ ಅಲ್ಲೇ ಇದ್ದೇವೆ.