ಹೊಟ್ಟೆಗೂ ಮೊದಲು ಡ್ಯೂಟಿ ಅಳೆಯಿರಿ

2023ರ ಮೇ ತಿಂಗಳಲ್ಲಿ ಅಸ್ಸಾಂನ ಪೊಲೀಸ್ ಮಹಾನಿರ್ದೇಶಕ ಜಿ.ಪಿ. ಸಿಂಗ್ ತಮ್ಮ ಇಲಾಖೆಗೆ ಗಡುವು ಕೊಟ್ಟರು. ಐಪಿಎಸ್ ಅಧಿಕಾರಿಯಿಂದ ಹಿಡಿದು ಪೇದೆಯವರೆಗೆ ಎಲ್ಲರಿಗೂ ಮೂರು ತಿಂಗಳು. ಆಗಸ್ಟ್ 15 ಕಳೆದ ಮೇಲೆ ಪ್ರತಿಯೊಬ್ಬರ ಬಿಎಂಐ ದಾಖಲು. 30 ದಾಟಿದವರಿಗೆ ನವೆಂಬರ್ ಕೊನೆಯವರೆಗೆ ಇನ್ನೊಂದು ಅವಕಾಶ, ಆಗಲೂ ತೂಕ ಇಳಿಯದಿದ್ದರೆ ಸ್ವಯಂ ನಿವೃತ್ತಿ. ಥೈರಾಯ್ಡ್‌ನಂಥ ಕಾಯಿಲೆ ಇದ್ದವರಿಗೆ ಮಾತ್ರ ವಿನಾಯಿತಿ. ತೂಕದ ಯಂತ್ರವನ್ನು ಮೊದಲು ಹತ್ತುವವನು ನಾನೇ ಎಂದೂ ಅವರು ಹೇಳಿದ್ದರು, ಅದು ಮೆಚ್ಚಬೇಕಾದ ನಡೆ. ಅದೇ ತಿಂಗಳು ಹರಿಯಾಣದ ಆಗಿನ ಗೃಹ ಸಚಿವ ಅನಿಲ್ ವಿಜ್, ದಪ್ಪಗಿರುವ ಪೊಲೀಸರನ್ನೆಲ್ಲ ತೆಳ್ಳಗಾಗುವವರೆಗೆ ಪೊಲೀಸ್ ಲೈನಿಗೆ ಕಳಿಸಿ ಎಂದು ಬರೆದರು. ನಾವೂ ಇದರಿಂದ ಹೊರಗಿಲ್ಲ. 2018ರಲ್ಲೇ ಕರ್ನಾಟಕದ ಮೀಸಲು ಪೊಲೀಸ್ ಪಡೆ ಕೆಎಸ್‌ಆರ್‌ಪಿಯ ಮುಖ್ಯಸ್ಥರಾಗಿದ್ದ ಭಾಸ್ಕರ್ ರಾವ್, ಹೊಟ್ಟೆ ಕರಗಿಸದಿದ್ದರೆ ಅಮಾನತು ಎಂದು ಎಚ್ಚರಿಕೆ ಕೊಟ್ಟಿದ್ದರು.

ಇಂಥ ಆದೇಶ ಹೊರಟಾಗಲೆಲ್ಲ ಜನ ಚಪ್ಪಾಳೆ ತಟ್ಟುತ್ತಾರೆ. ಪೊಲೀಸರ ಹೊಟ್ಟೆ ನಮ್ಮ ಸಿನಿಮಾಗಳಿಗೂ ವ್ಯಂಗ್ಯಚಿತ್ರಗಳಿಗೂ ಹಳೆಯ ಸರಕು. 2017ರಲ್ಲಿ ಮುಂಬೈ ಚುನಾವಣೆಯ ಬಂದೋಬಸ್ತನ್ನು ಹಂಗಿಸಲು ಪ್ರಸಿದ್ಧ ಲೇಖಕಿಯೊಬ್ಬರು ದಪ್ಪ ಪೊಲೀಸ್ ಅಧಿಕಾರಿಯೊಬ್ಬರ ಚಿತ್ರವನ್ನು ಟ್ವೀಟ್ ಮಾಡಿದ್ದರು. ಆತ ಮುಂಬೈಯವರೇ ಅಲ್ಲ, ಮಧ್ಯಪ್ರದೇಶದವರು. ಮೈ ಬಂದದ್ದು ಕಾಯಿಲೆಯಿಂದ. ದೇಶವಿಡೀ ನಕ್ಕು ಮುಗಿಸಿದ ಮೇಲೆ ಅದು ಗೊತ್ತಾಯಿತು.

ಪೊಲೀಸರ, ಅಗ್ನಿಶಾಮಕ ಸಿಬ್ಬಂದಿಯ, ಆಂಬುಲೆನ್ಸ್ ನೌಕರರ ದೇಹಕ್ಷಮತೆಯ ಪರೀಕ್ಷೆ ಬೇಡವೆಂದು ನಾನು ವಾದಿಸುತ್ತಿಲ್ಲ. ಬೇಕು, ಪ್ರತಿ ವರ್ಷ ಬೇಕು. ಅಮೆರಿಕದಲ್ಲಿ ಕರ್ತವ್ಯದ ಮೇಲಿದ್ದಾಗ ಸತ್ತ ಅಗ್ನಿಶಾಮಕ ಸಿಬ್ಬಂದಿಯ ಲೆಕ್ಕ ಹಾಕಿದ ಹಾರ್ವರ್ಡ್‌ನ ಸಂಶೋಧಕರು 2007ರಲ್ಲಿ ಒಂದು ವರದಿ ಪ್ರಕಟಿಸಿದರು. ಅಂಥ ಸಾವುಗಳಲ್ಲಿ ಶೇ 45ರಷ್ಟಕ್ಕೆ ಕಾರಣ ಹೃದಯ. ಬೆಂಕಿ ನಂದಿಸುವ ಕೆಲಸ ಅವರ ಒಟ್ಟು ಸಮಯದಲ್ಲಿ ಶೇ 1ರಿಂದ 5ರಷ್ಟು ಮಾತ್ರ, ಆದರೆ ಹೃದಯಾಘಾತದ ಸಾವುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಆ ಹೊತ್ತಿನಲ್ಲೇ ಸಂಭವಿಸಿದ್ದವು. ಗಂಟೆಗಟ್ಟಲೆ ಸುಮ್ಮನೆ ಕಾಯುವ ದೇಹ ಗಂಟೆ ಬಾರಿಸಿದ ಕೂಡಲೇ ಮೂವತ್ತು ಕಿಲೊ ಹೊತ್ತು ಮೆಟ್ಟಿಲು ಏರಬೇಕು. ಆ ಕ್ಷಣಕ್ಕೆ ಸಿದ್ಧವಿಲ್ಲದ ಹೃದಯ ನಿಂತುಹೋಗಬಹುದು. ಆದ್ದರಿಂದ ಪರೀಕ್ಷೆ ಅವರ ಜೀವದ ಪ್ರಶ್ನೆ. ಹಾಗಿರುವಾಗ ಅದನ್ನು ಅಮಾನತಿನ ಬೆದರಿಕೆಯಾಗಿ ಬಳಸುವುದನ್ನು ಒಪ್ಪುವುದು ಹೇಗೆ?

ಮೊದಲ ತಕರಾರು ಅಳತೆಗೋಲಿನ ಮೇಲೆ. ಬಿಎಂಐ ಎಂದರೆ ಕಿಲೊಗ್ರಾಂ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ, ಅಷ್ಟೇ. ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನು ಲೆಕ್ಕ ಹಾಕಿದ ಬೆಲ್ಜಿಯಂನ ಅಡಾಲ್ಫ್ ಕ್ವೆಟ್ಲೆ ವೈದ್ಯರಲ್ಲ, ಸಂಖ್ಯಾಶಾಸ್ತ್ರಜ್ಞ. ಆತನಿಗೆ ಬೇಕಿದ್ದದ್ದು ಜನಸಮೂಹದ ಸರಾಸರಿ. ಒಬ್ಬ ವ್ಯಕ್ತಿಯ ಆರೋಗ್ಯ ಆತನ ಪ್ರಶ್ನೆಯೇ ಆಗಿರಲಿಲ್ಲ. ಕರ್ನಾಟಕದಲ್ಲಿ ಪುರುಷ ಕಾನ್‌ಸ್ಟೆಬಲ್ ಹುದ್ದೆಗೆ ಕನಿಷ್ಠ ಎತ್ತರ 168 ಸೆಂಟಿಮೀಟರ್. ಆ ಎತ್ತರದವನ ತೂಕ 85 ಕಿಲೊ ಮುಟ್ಟಿದರೆ ಬಿಎಂಐ 30 ದಾಟುತ್ತದೆ. ಗರಡಿಯಲ್ಲಿ ಮೈ ಕಟ್ಟಿದವನೂ ಕಬಡ್ಡಿ ಆಡುವವನೂ ಈ ಲೆಕ್ಕದಲ್ಲಿ ಬೊಜ್ಜಿನವರಾಗಿಬಿಡಬಹುದು. ಅದೇ ಎತ್ತರದ ಇನ್ನೊಬ್ಬ 70 ಕಿಲೊ ಇದ್ದು, ಕೈಕಾಲು ಸಣ್ಣಗೆ, ಹೊಟ್ಟೆ ಮಾತ್ರ ಮುಂದೆ ಬಂದಿದ್ದರೆ, ರಕ್ತದಲ್ಲಿ ಸಕ್ಕರೆ ಏರಿದ್ದರೆ, ಅವನು ಸಲೀಸಾಗಿ ಪಾಸು. ಭಾರತೀಯರಲ್ಲಿ ಈ ಎರಡನೆಯ ಬಗೆಯವರೇ ಹೆಚ್ಚು ಅಪಾಯದಲ್ಲಿರುವವರು. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರವಾಗಬೇಕೆಂದು ನಮ್ಮ ವೈದ್ಯರು ವರ್ಷಗಳಿಂದ ಹೇಳುತ್ತಿರುವುದು ಇದಕ್ಕೇ. ಬಿಎಂಐ ಒಂದನ್ನೇ ನಂಬಿ ಬೊಜ್ಜಿನ ರೋಗವನ್ನು ನಿರ್ಧರಿಸಬಾರದೆಂದು 2025ರ ಜನವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಅಂತರರಾಷ್ಟ್ರೀಯ ಆಯೋಗವೂ ಹೇಳಿತು. ವೈದ್ಯಲೋಕವೇ ಒಂಟಿಯಾಗಿ ನಂಬಬೇಡಿ ಎನ್ನುವ ಮಾಪನವನ್ನಷ್ಟೇ ಹಿಡಿದು ಒಬ್ಬನ ನೌಕರಿ ಕಿತ್ತುಕೊಳ್ಳಲು ಹೊರಡುವುದು ಅನ್ಯಾಯ.

ಹಾಗಾದರೆ ಏನನ್ನು ಅಳೆಯಬೇಕು? ಈ ಪ್ರಶ್ನೆಗೆ ಕೆನಡಾದ ಸುಪ್ರೀಂ ಕೋರ್ಟ್ 1999ರಲ್ಲೇ ಉತ್ತರ ಕೊಟ್ಟಿದೆ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಕಾಡ್ಗಿಚ್ಚು ನಂದಿಸುವ ಪಡೆಯಲ್ಲಿದ್ದ ಟಾನಿ ಮೈಯೊರಿನ್ ಚೆನ್ನಾಗಿ ಕೆಲಸ ಮಾಡುತ್ತಿದ್ದ ಮಹಿಳೆ. ಸರ್ಕಾರ ಹೊಸ ಪರೀಕ್ಷೆ ತಂದಿತು: ಎರಡೂವರೆ ಕಿಲೊಮೀಟರನ್ನು 11 ನಿಮಿಷದಲ್ಲಿ ಓಡಬೇಕು. ನಾಲ್ಕು ಸಲ ಓಡಿದ ಆಕೆಯ ಅತ್ಯುತ್ತಮ ಸಮಯ 11 ನಿಮಿಷ 49 ಸೆಕೆಂಡು ಚಿಲ್ಲರೆ. ಕೆಲಸ ಹೋಯಿತು. ಆ ವೇಗದಲ್ಲಿ ಓಡಲಾಗದವರು ಬೆಂಕಿಯನ್ನು ಸುರಕ್ಷಿತವಾಗಿ ನಂದಿಸಲಾರರು ಎಂಬುದನ್ನು ಸರ್ಕಾರ ಸಾಬೀತು ಮಾಡಿಲ್ಲ ಎಂದ ನ್ಯಾಯಾಲಯ ಒಮ್ಮತದಿಂದ ಆಕೆಯ ಪರ ನಿಂತಿತು. ಆ ತೀರ್ಪು ಪರೀಕ್ಷೆಗಳನ್ನು ರದ್ದು ಮಾಡಲಿಲ್ಲ. ಮಾನದಂಡಕ್ಕೂ ಕೆಲಸಕ್ಕೂ ಇರುವ ಸಂಬಂಧವನ್ನು ತೋರಿಸುವ ಹೊಣೆ ಮಾಲೀಕನದು ಎಂದಿತು.

ಇಂಗ್ಲೆಂಡಿನ ಪೊಲೀಸರಿಗೂ ವರ್ಷಕ್ಕೊಮ್ಮೆ ಪರೀಕ್ಷೆಯಿದೆ. 15 ಮೀಟರ್ ಅಂತರದಲ್ಲಿ ಬೀಪ್ ಸದ್ದಿಗೆ ಸರಿಯಾಗಿ ಅತ್ತಿಂದಿತ್ತ ಓಡಬೇಕು, ಎಲ್ಲ ಸೇರಿ ಸುಮಾರು ಮೂರೂವರೆ ನಿಮಿಷ. ಅಲ್ಲಿ ಯಾರೂ ತೂಕ ಕೇಳುವುದಿಲ್ಲ, ಪೊಲೀಸ್ ಕೆಲಸಕ್ಕೆ ಬೇಕಾದ ಉಸಿರು ಇದೆಯೇ ಎಂದಷ್ಟೇ ನೋಡುತ್ತಾರೆ. ನಮ್ಮಲ್ಲಿ ನೇಮಕಾತಿಯ ದಿನ 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಿದ ಹುಡುಗನನ್ನು ಮುಂದಿನ ಇಪ್ಪತ್ತು ವರ್ಷ ಯಾರೂ ಓಡು ಅನ್ನುವುದಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಹೊಟ್ಟೆ ಕರಗಿಸು ಅನ್ನುತ್ತಾರೆ.

ಆ ಇಪ್ಪತ್ತು ವರ್ಷಗಳಲ್ಲಿ ಆತ ಹೇಗೆ ಬದುಕಿದ? ಪೊಲೀಸ್ ಠಾಣೆಗಳಲ್ಲಿ ಎಂಟು ಗಂಟೆಯ ಪಾಳಿ ತರಲು ಎಷ್ಟು ಸಿಬ್ಬಂದಿ ಬೇಕೆಂದು ಕೇಂದ್ರದ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೊ 2014ರಲ್ಲಿ ಅಧ್ಯಯನ ಮಾಡಿಸಿತು. ಠಾಣೆಗಳ ಸುಮಾರು ಶೇ 90ರಷ್ಟು ಸಿಬ್ಬಂದಿ ಎಂಟು ಗಂಟೆಗೂ ಹೆಚ್ಚು ದುಡಿಯುತ್ತಾರೆಂದು ಕಂಡುಬಂತು. ಕಾಮನ್ ಕಾಸ್ ಮತ್ತು ಲೋಕನೀತಿ-ಸಿಎಸ್‌ಡಿಎಸ್ 2019ರಲ್ಲಿ ಹೊರತಂದ ವರದಿಯ ಪ್ರಕಾರ ಪೊಲೀಸರ ದಿನದ ಸರಾಸರಿ ದುಡಿಮೆ 14 ಗಂಟೆ. ಉಳಿದ ಹತ್ತು ಗಂಟೆಯಲ್ಲಿ ಮನೆಗೆ ಹೋಗಬೇಕು, ಉಣ್ಣಬೇಕು, ಮಕ್ಕಳ ಮುಖ ನೋಡಬೇಕು, ಮಲಗಬೇಕು, ಎದ್ದು ಸಮವಸ್ತ್ರ ಇಸ್ತ್ರಿ ಮಾಡಿಕೊಂಡು ರೋಲ್‌ಕಾಲ್‌ಗೆ ಬರಬೇಕು. ಓಟಕ್ಕೆ ಸಮಯ ಎಲ್ಲಿದೆ? ನಿದ್ದೆಗೆಟ್ಟ ದೇಹದಲ್ಲಿ ಹಸಿವಿನ ಹಾರ್ಮೋನುಗಳು ಏರುಪೇರಾಗುತ್ತವೆ, ಸಿಹಿ ಮತ್ತು ಕರಿದದ್ದರ ಕಡೆಗೆ ನಾಲಿಗೆ ಎಳೆಯುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಕೂರುತ್ತದೆ. ಇದು ಸೋಮಾರಿತನದ ಫಲವಲ್ಲ.

ಇನ್ನು ಊಟ. ಗಣೇಶನ ವಿಸರ್ಜನೆಯೋ ದಸರೆಯೋ ಚುನಾವಣೆಯೋ ಇದ್ದಾಗ ಬಂದೋಬಸ್ತಿಗೆ ನಿಂತವರಿಗೆ ಏನು ಬರುತ್ತದೆಂದು ರಸ್ತೆಯಲ್ಲಿ ಓಡಾಡುವ ಯಾರಾದರೂ ನೋಡಬಹುದು. ಬೆಳಗ್ಗೆ ಚಿತ್ರಾನ್ನದ ಪೊಟ್ಟಣ, ಮಧ್ಯಾಹ್ನ ಮೂರು ಗಂಟೆಗೆ ಆರಿದ ಪಲಾವು, ಸಂಜೆ ಬಿಸ್ಕತ್ತು ಮತ್ತು ಸಕ್ಕರೆ ತುಂಬಿದ ಟೀ, ರಾತ್ರಿ ಮತ್ತೆ ಅನ್ನ. ಕಾಳಿಲ್ಲ, ತರಕಾರಿ ಹೆಸರಿಗಷ್ಟೆ, ಮೊಟ್ಟೆಯಿಲ್ಲ. ಮಹಿಳಾ ಸಿಬ್ಬಂದಿಯ ಪಾಡು ಇನ್ನೂ ಕಷ್ಟ, ಶೌಚಾಲಯ ಸಿಗದೆಂಬ ಹೆದರಿಕೆಗೆ ಅವರು ನೀರನ್ನೂ ಕುಡಿಯುವುದಿಲ್ಲ. ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ಶೇ 45 ಮೀರಬಾರದೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಬಂದೋಬಸ್ತಿನ ಪೊಟ್ಟಣ ಬಹುಪಾಲು ಅನ್ನ ಮತ್ತು ಎಣ್ಣೆ. ಇಲಾಖೆ ಕೈಯಾರೆ ಕೊಟ್ಟ ಊಟದಿಂದ ಬೆಳೆದ ಹೊಟ್ಟೆಗೆ ಇಲಾಖೆಯೇ ನೋಟಿಸು ಕೊಡುವುದು ಯಾವ ನ್ಯಾಯ?

ದಣಿದ ದೇಹದ ಬೆಲೆಯನ್ನು ಕೊನೆಗೆ ಜನರೂ ತೆರುತ್ತಾರೆ. 2025ರ ಜೂನ್ 3ರಂದು ಆರ್‌ಸಿಬಿ ಗೆದ್ದ ರಾತ್ರಿ ಬೆಂಗಳೂರಿನ ಬೀದಿಗಳ ಸಂಭ್ರಮವನ್ನು ಪೊಲೀಸರು ಬೆಳಗಿನ ಜಾವದವರೆಗೆ ಕಾದರು. ಮರುದಿನ ಮಧ್ಯಾಹ್ನ ಅದೇ ಪಡೆಯ ಮೇಲೆ ವಿಧಾನಸೌಧ ಮತ್ತು ಚಿನ್ನಸ್ವಾಮಿ ಕ್ರೀಡಾಂಗಣದ ಲಕ್ಷಾಂತರ ಜನರ ಭಾರ ಬಿತ್ತು. ಕಾಲ್ತುಳಿತದಲ್ಲಿ 11 ಜನ ಸತ್ತರು. ಆ ದುರಂತಕ್ಕೆ ಕಾರಣಗಳು ಹಲವು, ದಣಿವೊಂದೇ ಅಂತ ನಾನು ಹೇಳುವುದಿಲ್ಲ. ಪೊಲೀಸರೂ ಮನುಷ್ಯರೇ, ದೇವರಲ್ಲ, ಮಾಂತ್ರಿಕರಲ್ಲ ಎಂದು ಮುಂದೆ ಅದೇ ದುರಂತದ ಪ್ರಕರಣದಲ್ಲಿ ಕೇಂದ್ರೀಯ ಆಡಳಿತ ನ್ಯಾಯಮಂಡಳಿ ಹೇಳಬೇಕಾಯಿತು. ದೇಹಕ್ಷಮತೆಯ ಚರ್ಚೆಯಲ್ಲಿ ನಿದ್ದೆಯ ಮಾತೇ ಬರದಿದ್ದರೆ ಅದು ಅರ್ಧ ಚರ್ಚೆ.

ಬರೀ ಗಡುವು ಕೊಟ್ಟು ಓಡಿಸುವುದರಲ್ಲಿ ಇನ್ನೊಂದು ಅಪಾಯವಿದೆ. 2024ರಲ್ಲಿ ಜಾರ್ಖಂಡ್‌ನ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಹತ್ತು ಕಿಲೊಮೀಟರ್ ಓಟದ ಪರೀಕ್ಷೆ ನಡೆಯುವಾಗ ಹತ್ತಕ್ಕೂ ಹೆಚ್ಚು ಯುವಕರು ಪ್ರಾಣ ಬಿಟ್ಟರು. ಅವರೆಲ್ಲ ಹರೆಯದವರು. ನಲವತ್ತೈದು ದಾಟಿದ, ಬಿಪಿ ಮಾತ್ರೆ ನುಂಗುವ ಹೆಡ್ ಕಾನ್‌ಸ್ಟೆಬಲ್ಲನ್ನು ಇಸಿಜಿಯನ್ನೂ ಮಾಡಿಸದೆ ಓಡಿಸಿದರೆ ಏನಾದೀತು?

ನಮ್ಮ ಪೊಲೀಸರು ಇದನ್ನೆಲ್ಲ ಹೇಳಿಕೊಳ್ಳದೆ ಕೂತಿಲ್ಲ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುತ್ತೇವೆಂದು ರಾಜ್ಯದ ಪೇದೆಗಳು ಕರೆ ಕೊಟ್ಟಾಗ ಸಂಬಳದ ಜೊತೆಗೆ ವಾರದ ರಜೆಯೂ ಅವರ ಬೇಡಿಕೆಯಲ್ಲಿತ್ತು. ಸಂಬಳಕ್ಕಾಗಿ ಔರಾದ್ಕರ್ ಸಮಿತಿ ಬಂತು. ರಜೆ ಮಾತ್ರ ಇವತ್ತಿಗೂ ಬಂದೋಬಸ್ತಿಲ್ಲದ ವಾರದಲ್ಲಿ ಸಿಕ್ಕರೆ ಸಿಕ್ಕಿತು.

ಗೃಹ ಇಲಾಖೆಗೆ ನನ್ನ ಒತ್ತಾಯ ಇದು. ಪರೀಕ್ಷೆ ಮಾಡಿ, ಆದರೆ ತೂಕದ ಯಂತ್ರದಿಂದ ಶುರು ಮಾಡಬೇಡಿ. ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ, ಇಸಿಜಿ ನೋಡಿ, ಆ ವರದಿಯನ್ನು ವೈದ್ಯರ ಕೈಯಲ್ಲೇ ಇಡಿ, ಸೇವಾ ಪುಸ್ತಕಕ್ಕೆ ಹಾಕಬೇಡಿ. ಗಲಭೆ ಹತ್ತಿಕ್ಕುವ ವಜ್ರ ವಾಹನದ ತುಕಡಿಗೆ ಒಂದು ಮಾನದಂಡ, ಠಾಣೆಯ ರೈಟರಿಗೆ ಇನ್ನೊಂದು, ಏಣಿ ಹತ್ತುವ ಅಗ್ನಿಶಾಮಕನಿಗೆ ಮತ್ತೊಂದು ಇರಲಿ. ಫೇಲಾದವನಿಗೆ ಡ್ಯೂಟಿಯ ಅವಧಿಯಲ್ಲೇ ವ್ಯಾಯಾಮಕ್ಕೆ ಹೊತ್ತು ಕೊಡಿ, ಆಹಾರತಜ್ಞರನ್ನು ಕೊಡಿ, ಆರು ತಿಂಗಳ ಮೇಲೆ ಮತ್ತೆ ಪರೀಕ್ಷಿಸಿ. 108ರ ಆಂಬುಲೆನ್ಸ್‌ನಲ್ಲಿ ಗುತ್ತಿಗೆಯ ಮೇಲೆ ದುಡಿಯುವವರನ್ನೂ ಇದರೊಳಗೆ ತನ್ನಿ. ಅಪಘಾತದ ಜಾಗಕ್ಕೆ ಮೊದಲು ಮುಟ್ಟುವವರು ಅವರೇ, ಅವರ ಆರೋಗ್ಯದ ಬಗ್ಗೆ ಇಂಥ ಆದೇಶಗಳಲ್ಲಿ ಒಂದು ಸಾಲೂ ಇರುವುದಿಲ್ಲ.

ಮತ್ತು ಪ್ರತಿ ಠಾಣೆಯ ಮುಂದೆ, ಪ್ರತಿ ತಿಂಗಳು, ಇನ್ನೊಂದು ಲೆಕ್ಕ ಬರೆದು ಹಾಕಿ: ಎಷ್ಟು ಜನ ಎಂಟು ಗಂಟೆ ಮೀರಿ ದುಡಿದರು, ಎಷ್ಟು ಜನರಿಗೆ ವಾರದ ರಜೆ ಸಿಗಲಿಲ್ಲ, ಬಂದೋಬಸ್ತಿನಲ್ಲಿ ಏನು ಊಟ ಕೊಟ್ಟಿರಿ. ಆ ಪಟ್ಟಿ ಹೊರಬರುವವರೆಗೆ ಬೊಜ್ಜಿನ ಕಾರಣಕ್ಕೆ ಒಬ್ಬನೇ ಒಬ್ಬ ಪೇದೆಯನ್ನೂ ಅಮಾನತು ಮಾಡುವ ಹಕ್ಕು ಇಲಾಖೆಗಿಲ್ಲ.