ಪದಬಂಧವೂ ಕನ್ನಡ ಪಾಠವೇ



ಪದಬಂಧ ತುಂಬೋದು ಕೆಲಸವಿಲ್ಲದವರ ಕೆಲಸ ಅಂತ ಕೆಲವು ದೊಡ್ಡವರು ಹೇಳ್ತಾರೆ. ಗುಟ್ಟು ಬಚ್ಚಿಟ್ಟು ಕೇಳುವ ಸುಳಿವುಗಳು ಇಂಗ್ಲಿಷಿಗೆ ಮಾತ್ರ ಸರಿ ಅಂತಲೂ ಹೇಳ್ತಾರೆ. ನಾನು ಎರಡನ್ನೂ ಒಪ್ಪಲ್ಲ.

ಪದಬಂಧ ಹೊರಗಿನಿಂದ ಬಂದದ್ದು ನಿಜ. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಎಂಬುವರು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಮೊದಲ ಪದಬಂಧ ಹಾಕಿದರು. ಆದರೆ ಮಾತಿನಲ್ಲಿ ಗುಟ್ಟು ಬಚ್ಚಿಡೋದು ನಮಗೆ ಹೊಸದಲ್ಲ. ಅಜ್ಜಿಯರು ಹೇಳುವ ಒಗಟು ಮತ್ತೇನು? ಕೋಲಾರ ಜಿಲ್ಲೆಯ ಅ.ನಾ. ಪ್ರಹ್ಲಾದರಾವ್ ಅವರು ಕನ್ನಡದಲ್ಲೇ ಸಾವಿರಾರು ಪದಬಂಧ ರಚಿಸಿದ್ದಾರೆ.

ನಮ್ಮ ಪದಬಂಧದಲ್ಲಿ ಕಾಗುಣಿತ, ಒತ್ತು ಎಲ್ಲಾ ಸೇರಿ ಒಂದು ಮನೆಗೆ ಒಂದು ಅಕ್ಷರ. ‘ಅಕ್ಕ’ನಿಗೆ ಎರಡೇ ಮನೆ. ಅದಕ್ಕೇ ನಮ್ಮ ಪದಗಳನ್ನು ಒಡೆದು, ತಿರುಗಿಸಿ ಆಡಬಹುದು. ‘ನರನ ಹೊಟ್ಟೆಗೆ ಗ ಹೊಕ್ಕರೆ ಪಟ್ಟಣ’ ಅಂದರೆ ನಗರ. ‘ಎಡದಿಂದ ಓದಿ, ಬಲದಿಂದ ಓದಿ, ಅದೇ ಜಿಲ್ಲೆ’ ಅಂದರೆ ಗದಗ.

ಇಂಥ ಸುಳಿವು ಯಾಕೆ ಬೇಕು? ಬರೀ ‘ವಾಸರ’ ಅಂತ ಕೊಟ್ಟು ಎರಡು ಅಕ್ಷರದ ಪದ ಕೇಳಿದರೆ, ಮನೆಯಲ್ಲಿ ನಿಘಂಟು ಇರೋರು ಮಾತ್ರ ಬರೀತಾರೆ. ಉಳಿದವರು ಬಾಯಿ ಬಿಡಬೇಕು. ಅದನ್ನೇ ‘ಹಿಂದಕ್ಕೆ ಹರಿದ ನದಿಯೇ ವಾಸರ’ ಅಂತ ಕೊಟ್ಟು ನೋಡಿ. ನದಿ ತಿರುಗಿದರೆ ದಿನ. ಅರ್ಥ ಗೊತ್ತಿಲ್ಲದವರಿಗೂ ಉತ್ತರ ಸಿಗುತ್ತೆ. ವಾಸರ ಅಂದರೆ ದಿನ ಅಂತ ಒಂದು ಹೊಸ ಪದವೂ ಬರುತ್ತೆ. ಪಂಚಾಂಗದ ಭಾನುವಾಸರ ಆಗ ಅರ್ಥವಾಗುತ್ತೆ. ಹಣವಿಲ್ಲದೆ, ಪುಸ್ತಕವಿಲ್ಲದೆ ಯೋಚನೆಯಿಂದಲೇ ಗೆಲ್ಲೋ ಆಟ ಇದು.

ಇನ್ನೊಂದು ಲಾಭ ಕಾಗುಣಿತದ್ದು. ಅಲ್ಪಪ್ರಾಣದ ಜಾಗದಲ್ಲಿ ಮಹಾಪ್ರಾಣ ಬರೆದರೆ ಎಡದಿಂದ ಬಲಕ್ಕೆ ಇರುವ ಪದವೂ ಕೆಡುತ್ತೆ, ಮೇಲಿನಿಂದ ಕೆಳಕ್ಕೆ ಇರುವುದೂ ಕೆಡುತ್ತೆ. ಯಾರೂ ಬೈಯದೆ ತಪ್ಪು ತಾನೇ ಗೊತ್ತಾಗುತ್ತೆ.

ಸುಳಿವು ಮಾಡೋರು ಮಾತ್ರ ಮೋಸ ಮಾಡಬಾರದು. ಒಂದು ಕಡೆ ಅರ್ಥ ಇರಬೇಕು, ಇನ್ನೊಂದು ಕಡೆ ಅಕ್ಷರದ ಆಟ ಇರಬೇಕು. ಎರಡೂ ಒಂದೇ ಉತ್ತರಕ್ಕೆ ಬಂದು ನಿಲ್ಲಬೇಕು.

ಆದ್ದರಿಂದ ಗುರುಗಳಲ್ಲಿ ನನ್ನ ಕೋರಿಕೆ: ಈ ಗೋಡೆ ಪತ್ರಿಕೆಯಲ್ಲಿ ಪ್ರತಿ ಶನಿವಾರ ಒಂದು ಮೂಲೆ ಪದಬಂಧಕ್ಕೆ ಕೊಡಿ. ನಾವೇ ಸರದಿ ಪ್ರಕಾರ ಮಾಡ್ತೀವಿ. ಉತ್ತರ ಸೋಮವಾರ ಹಾಕೋಣ. ಅಲ್ಲೀವರೆಗೆ ಯಾರೂ ಮೊಬೈಲಿನಲ್ಲಿ ಹುಡುಕಬಾರದು.

ಮೊದಲನೇ ಸುಳಿವು ನನ್ನದೇ: ‘ಮುಂದೆ ಪೈಲ್ವಾನ, ಹಿಂದೆ ಗ್ರಾಮ, ನಡುವೆ ತಕ್ಕೆ ತ ಒತ್ತು, ಬೆಂಗಳೂರಿನೊಳಗೆ ಸೇರಿದರೂ ಹೆಸರು ಬಿಟ್ಟಿಲ್ಲ (5 ಅಕ್ಷರ)’. ಉತ್ತರ ದೂರ ಹುಡುಕಬೇಡಿ, ನಮ್ಮ ಶಾಲೆಯ ಬೋರ್ಡ್ ನೋಡಿ.

– 7ನೇ ತರಗತಿ