ಕಬ್ಬಿಗೆ ನೀರುಂಟು, ಕೊಡಕ್ಕಿಲ್ಲವೇ?



“ಮಳೆ ಬರಲಿಲ್ಲ, ಜನ ಹೆಚ್ಚಾದರು, ಯಾರೇನು ಮಾಡಲಾದೀತು?” ನೀರಿನ ಮಾತೆತ್ತಿದರೆ ದೊಡ್ಡವರು ಕೊಡುವ ಉತ್ತರ ಇದೇ. ಇದು ಅರ್ಧ ಸತ್ಯವೆಂದು ನಾವು ಹೇಳುತ್ತೇವೆ.

ಗಡಿಯ ಔರಾದ ಶಹಾಜನಿಯನ್ನು ನೋಡಿರಿ. ಅಲ್ಲಿ ತೇರಣಾ ಹೊಳೆ ಮಾಂಜ್ರಾವನ್ನು ಕೂಡುತ್ತದೆ. ಮಾಂಜ್ರಾ ಮುಂದೆ ಬೀದರ ಸೀಮೆಗೆ ಹರಿಯುತ್ತದೆ. ಎರಡು ಹೊಳೆ ಕೂಡುವ ಅದೇ ಜಿಲ್ಲೆಯ ಲಾತೂರ ನಗರಕ್ಕೆ 2016ರ ಏಪ್ರಿಲ್ 12ರಂದು ಕುಡಿಯುವ ನೀರು ಮಿರಜದಿಂದ ರೈಲಿನಲ್ಲಿ ಬಂತು. ಮೊದಲ ಗಾಡಿಯಲ್ಲಿ 10 ಟ್ಯಾಂಕು, 5 ಲಕ್ಷ ಲೀಟರು. ಅದಕ್ಕೂ ಮುಂಚೆ ಮಾರ್ಚಿಯಲ್ಲಿ, ನೀರಿನ ಟಾಕಿಗಳ ಬಳಿ ಗುಂಪು ಸೇರಬಾರದೆಂದು 144ನೇ ಕಲಮು ಜಾರಿಯಾಗಿತ್ತು. ಅದೇ ಹಂಗಾಮಿನಲ್ಲಿ ಮರಾಠವಾಡದ ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆದವು. ಕೊಡ ಹಿಡಿದವರಿಗೆ ಕಲಮು, ಕಬ್ಬಿಗೆ ಕಾಲುವೆ! ಇದು ಬರಗಾಲವೋ, ಹಂಚಿಕೆಯ ಅನ್ಯಾಯವೋ?

ಲೆಕ್ಕ ಕೇಳಿರಿ. ಅಲ್ಲಿ ವರ್ಷದ ಮಳೆ ಸುಮಾರು 800 ಮಿಲಿಮೀಟರು. ಕಬ್ಬು ಕುಡಿಯುವುದು 2,000ದಷ್ಟು. ಮಹಾರಾಷ್ಟ್ರದ ಸಾಗುವಳಿಯಲ್ಲಿ ನೂರಕ್ಕೆ 4ರಷ್ಟೂ ಇಲ್ಲದ ಕಬ್ಬು, ನೀರಾವರಿಯ ನೀರಿನಲ್ಲಿ ನೂರಕ್ಕೆ 70ರಷ್ಟನ್ನು ನುಂಗುತ್ತದೆಂದು ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆ ಆಯೋಗವೇ ಬರೆದಿದೆ.

ಸಣ್ಣ ರೈತನನ್ನು ನಾವು ದೂರುವುದಿಲ್ಲ. ಕಬ್ಬಿಗೆ ಕಾನೂನಿನ ದರವುಂಟು, ಕೊಳ್ಳುವ ಕಾರ್ಖಾನೆಯುಂಟು. ತೊಗರಿಗೆ ಬೆಂಬಲ ಬೆಲೆ ಸಾರುತ್ತಾರೆ, ಬೆಳೆದದ್ದನ್ನೆಲ್ಲ ಕೊಳ್ಳುವವರಿಲ್ಲ. ತೊಗರಿ, ಜೋಳಗಳನ್ನು ಹಾಗೆಯೇ ಕೊಂಡರೆ ರೈತ ತಾನಾಗಿ ಕಬ್ಬು ಬಿಟ್ಟಾನು.

ಕಬ್ಬು ಕಡಿಯುವವರಾರು? ನಮ್ಮಂಥ ಕೂಲಿಯವರೇ. ಮರಾಠವಾಡದಿಂದ ಗಂಡ ಹೆಂಡತಿ ಮುಂಗಡ ಸಾಲ ಪಡೆದು ಗುಳೆ ಹೋಗುತ್ತಾರೆ. ಇಬ್ಬರಿಗೂ ಸೇರಿ ಒಂದೇ ‘ಕೋಯ್ತಾ’ ಎಂದು ಲೆಕ್ಕ. ಅವರಲ್ಲಿ ಹಲವರಿಗೆ ಹೊಲವಿಲ್ಲ, ಆದ್ದರಿಂದ ನೆಲದಡಿಯ ನೀರೂ ಇಲ್ಲ. ಭೂಮಿ ಉಳ್ಳವನು ಅದರಡಿಯ ನೀರನ್ನು ಎತ್ತಬಹುದೆಂಬುದು 1882ರ ಈಸ್‌ಮೆಂಟ್ ಕಾಯ್ದೆಯ ಕಾಲದಿಂದ ಬಂದ ಹಕ್ಕು. ಆ ಕಪ್ಪು ಕಲ್ಲಿನ ನೆಲದಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಒಬ್ಬನ ಬೋರು ಆಳಕ್ಕಿಳಿದರೆ ಊರ ಬಾವಿ ಬತ್ತುತ್ತದೆ. ಕುಡಿಯುವ ನೀರಿನ ಸೆಲೆಯಿಂದ 500 ಮೀಟರಿನೊಳಗೆ ಹೊಸ ಬಾವಿ ತೋಡಬಾರದೆಂದು ಮಹಾರಾಷ್ಟ್ರ 1993ರಲ್ಲೇ ಕಾನೂನು ಮಾಡಿತು. ಕಾನೂನು ಕಾಗದದಲ್ಲಿದ್ದರೆ ಕೊಡ ತುಂಬೀತೇ?

ತೋಟದ ಲೈನುಗಳಲ್ಲಿರುವ ನಮಗೆ ಇದು ಪರರ ಕಥೆಯಲ್ಲ. ಗಿಡಕ್ಕೆ ಸ್ಪ್ರಿಂಕ್ಲರು ತಿರುಗುವಾಗ ಲೈನಿನ ನಲ್ಲಿ ಒಣಗಿದ್ದರೆ ಅದೂ ಇದೇ ಅನ್ಯಾಯ. ಕೆಲಸಗಾರರಿಗೆ ಸಾಕಷ್ಟು ಶುದ್ಧ ಕುಡಿಯುವ ನೀರು ಒದಗಿಸುವುದು ಮಾಲೀಕನ ಹೊಣೆಯೆಂದು 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಬರೆಯಿತು. ಮೊದಲು ಕುಡಿಯುವ ನೀರು, ಆಮೇಲೆ ಬೇಸಾಯ ಎಂದು 1987ರ ರಾಷ್ಟ್ರೀಯ ಜಲನೀತಿಯೂ ಸಾರಿತು. ಆದ್ದರಿಂದ ನಾವು ಬೇಡುತ್ತಿರುವುದು ದಾನವಲ್ಲ.

ಈ ಬೇಸಿಗೆಗೆ ಮುಂಚೆಯೇ ಪ್ರತಿ ಲೈನಿನವರೂ ಕೂಡಿರಿ. ಎಷ್ಟು ಮನೆ, ಎಷ್ಟು ನಲ್ಲಿ, ದಿನಕ್ಕೆ ಎಷ್ಟು ಕೊಡ ಎಂದು ಬರೆದಿಡಿರಿ. ನೀರು ಹೊರುವ ಹೆಂಗಸರೇ ಮೊದಲು ಮಾತಾಡಲಿ. ಆ ಬರಹವನ್ನು ಎಲ್ಲರ ರುಜುವಿನೊಡನೆ ಮ್ಯಾನೇಜರಿಗೂ ಪಂಚಾಯಿತಿಗೂ ಕೊಟ್ಟು, ರಸೀದಿ ಪಡೆಯಿರಿ. ಒಬ್ಬರು ಕೇಳಿದರೆ ಗೊಣಗಾಟವೆಂದಾರು. ಲೈನೇ ಕೇಳಿದರೆ ಉತ್ತರ ಕೊಡಲೇಬೇಕು.